ಹಂಡೆ ನೀರಿನ ಮೂರ್ಛೆ

ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹಳೇ ಮನೆಗಳಲ್ಲಿ ತಲೆಗೆ ನೀರು ಹುಯ್ದುಕೊಳ್ಳುವುದು ವಾರಕ್ಕೊಮ್ಮೆಯ ಸಂಭ್ರಮ. ನೆತ್ತಿಗೆ ಹರಳೆಣ್ಣೆ ತಿಕ್ಕಿ, ತೆಂಗಿನ ಗರಿ, ಕರಟ ಉರಿಸಿ ಕಾಯಿಸಿದ ಹಂಡೆ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ಸುರಿಯಬೇಕು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲೂ ಇದೇ ರೂಢಿ. ಮೈ ಕೆಂಪಗಾಗದಿದ್ದರೆ ಅಜ್ಜಿಯರ ಲೆಕ್ಕದಲ್ಲಿ ಅದು ಸ್ನಾನವೇ ಅಲ್ಲ.

ಅದೇ ನೀರು ನೆತ್ತಿಗೆ ಬಿದ್ದೊಡನೆ ಕೆಲವು ಮಕ್ಕಳು ಮಂಕಾಗಿ ಎತ್ತಲೋ ನೋಡುತ್ತವೆ, ಏನೇನೋ ಬಡಬಡಿಸುತ್ತವೆ; ಕೆಲವಕ್ಕೆ ಕೈಕಾಲು ಸೆಳೆತ ಬಂದು ಬಿದ್ದೇಬಿಡುತ್ತವೆ. ಇದನ್ನು ಭಾರತದಲ್ಲಿ ಕಾಯಿಲೆಯಾಗಿ ಗುರುತಿಸಿದ್ದು ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು. 1968ರಲ್ಲಿ ಮೊದಲ ವರದಿ, 1972ರಲ್ಲಿ 60 ರೋಗಿಗಳ ವಿವರ. ನ್ಯೂಜಿಲೆಂಡಿನ ವೈದ್ಯರೊಬ್ಬರು 1945ರಲ್ಲೇ ಇಂಥದ್ದನ್ನು ಕಂಡಿದ್ದರಾದರೂ ಅಲ್ಲಿ ಅದು ಅಪರೂಪದ ಸಂಗತಿ. ಇಲ್ಲಿ ಹಾಗಲ್ಲ: 1980ರಿಂದ 1983ರೊಳಗೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಅವರ ತಂಡಕ್ಕೆ ಸಿಕ್ಕವರು 279 ಮಂದಿ. ದಕ್ಷಿಣ ಕರ್ನಾಟಕ ಈ ಕಾಯಿಲೆಯ ತವರು ಎಂದರೂ ತಪ್ಪಿಲ್ಲ. ಒಂದು ವಿಚಿತ್ರವೂ ಉಂಟು: ಕೆಲವು ರೋಗಿಗಳಿಗೆ ಆ ಹೊತ್ತಿನಲ್ಲಿ ಹಿತವೆನಿಸುತ್ತದೆ, ಬೇಡವೆಂದರೂ ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಾರೆ.

ಬಚ್ಚಲನ್ನೇ ದೂರಿ ಸುಮ್ಮನಾಗುವಂತಿರಲಿಲ್ಲ. ಊರಿಗೆ ಊರೇ ಬಿಸಿನೀರು ಹುಯ್ದುಕೊಳ್ಳುವಾಗ ಮೂರ್ಛೆ ಕೆಲವರಿಗೇ ಏಕೆ? ಅದೂ ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ? ಮಿದುಳಿನ ಶಾಖ ಸಂಭಾಳಿಸುವ ವ್ಯವಸ್ಥೆಯಲ್ಲೇ ಹುಟ್ಟಿನಿಂದ ಬಂದ ಸೂಕ್ಷ್ಮತೆ ಇರಬಹುದೆಂಬ ಗುಮಾನಿ ಬಲವಾಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಇಂಥ ಕುಟುಂಬಗಳ ಡಿಎನ್‌ಎ ಜಾಲಾಡಿತು. 2009ರಲ್ಲಿ 10 ಮತ್ತು 4ನೇ ವರ್ಣತಂತುಗಳ ಮೇಲೆ ಸುಳಿವು ಸಿಕ್ಕಿತು. 2017ರಲ್ಲಿ ಬೆರಳು ಎಸ್‌ಎಲ್‌ಸಿ1ಎ1 ಎಂಬ ಜೀನ್‌ನತ್ತ ತಿರುಗಿತು. ಕೆಲವು ರೋಗಿಗಳಲ್ಲಿ ಅದರ ಅಪರೂಪದ ಮಾರ್ಪಾಡುಗಳಿದ್ದವು.

ನರಕೋಶಗಳು ಒಂದನ್ನೊಂದು ಕೆರಳಿಸಲು ಗ್ಲುಟಮೇಟ್ ಸ್ರವಿಸುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಬಾಚಿ ಒಳಗೆಳೆದುಕೊಳ್ಳುವ ಪ್ರೋಟೀನುಗಳಲ್ಲೊಂದನ್ನು ರೂಪಿಸುವುದು ಈ ಜೀನ್. ಬಾಚುವುದು ತಡವಾದರೆ ಉದ್ರೇಕ ಅಡಗುವುದಿಲ್ಲ. ಎಲ್ಲ ರೋಗಿಗಳ ಕಥೆಯೂ ಇದೇ ಎನ್ನುವಂತಿಲ್ಲ. ಆದರೂ ಮುಂದೆ ಔಷಧಕ್ಕೆ ಗುರಿ ಹುಡುಕುವವರಿಗೆ ಇಲ್ಲೊಂದು ವಿಳಾಸವಿದೆ.

ಸದ್ಯದ ಚಿಕಿತ್ಸೆ ಮಾತ್ರ ಬಲು ಸರಳ. ನೀರು ಉಗುರುಬೆಚ್ಚಗಿರಲಿ ಎನ್ನುತ್ತಾರೆ ವೈದ್ಯರು. ಅಷ್ಟಕ್ಕೆ ನಿಲ್ಲದಿದ್ದರೆ ಕ್ಲೋಬಜಾಮ್ ಮಾತ್ರೆ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು. ನರಕೋಶಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ. ಬೇರೆ ಹೊತ್ತಿನಲ್ಲಿ ಮೂರ್ಛೆ ಬರುವವರಿಗೆ ದಿನನಿತ್ಯದ ಔಷಧ ಬೇಕು. ಉಳಿದ ಬಹುತೇಕರಿಗೆ, ವಾರಕ್ಕೊಮ್ಮೆಯೇ ತಲೆಗೆ ಹುಯ್ದುಕೊಳ್ಳುವ ಮನೆಯಾದರೆ, ಮಾತ್ರೆಯೂ ವಾರಕ್ಕೊಮ್ಮೆ ಸಾಕು.