ಗುದ್ದಲಿ ಪೂಜೆ ಆಯ್ತು, ಸಮುದಾಯ ಭವನ ಯಾಕೆ ಮುಗೀತಿಲ್ಲ? ಊರಿನವರು ಕೇಳಬೇಕಾದ ಪ್ರಶ್ನೆಗಳು

ಬಾಳೆಕಂಬ ಕಟ್ಟಿ, ತೆಂಗಿನಕಾಯಿ ಒಡೆದು ಗುದ್ದಲಿ ಪೂಜೆ ಮಾಡಿದ ಜಾಗದಲ್ಲಿ ಎರಡು ವರ್ಷ ಕಳೆದರೂ ಲಿಂಟಲ್ ಮಟ್ಟದ ಗೋಡೆ, ಮೇಲೆ ತುಕ್ಕು ಹಿಡಿದ ಕಂಬಿ. ಇಂಥ ಅರ್ಧಂಬರ್ಧ ಸಮುದಾಯ ಭವನಗಳು ಹಳ್ಳಿಗಳಿಗೆ ಹೊಸದೇನಲ್ಲ. ಮದುವೆ, ಸೀಮಂತ, ತಿಥಿ ಅಂದ್ರೆ ಜನ ಪೇಟೆಯ ಛತ್ರಕ್ಕೇ ಓಡಬೇಕು. ಛತ್ರದ ಬಾಡಿಗೆ ಜೊತೆಗೆ ಊರಿನ ಕಿರಾಣಿ ಅಂಗಡಿ, ಹೂವಿನವರು, ಶಾಮಿಯಾನದವರು, ಅಡುಗೆಯವರ ವ್ಯಾಪಾರವೂ ಪೇಟೆ ಪಾಲಾಗುತ್ತೆ.

ಕೆಲಸ ನಿಂತರೆ ಎಲ್ಲರೂ ಬೈಯೋದು ಗುತ್ತಿಗೆದಾರರನ್ನ. ಆದರೆ ಬಹಳಷ್ಟು ಸಲ ತೊಡಕು ಶುರುವಾಗಿರೋದು ಪೂಜೆಗೂ ಮೊದಲೇ.

ದುಡ್ಡು ಎಷ್ಟು ಬರುತ್ತೆ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕ್ಷೇತ್ರದಲ್ಲಿ 150 ಹಳ್ಳಿ ಇದ್ದರೆ, ಸಮನಾಗಿ ಹಂಚಿದರೂ ಒಂದು ಹಳ್ಳಿಗೆ 1.33 ಲಕ್ಷ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಅದು 8 ವಿಧಾನಸಭಾ ಕ್ಷೇತ್ರ ಸೇರಿದ ಇಡೀ ಲೋಕಸಭಾ ಕ್ಷೇತ್ರಕ್ಕೆ. ಜನಪ್ರತಿನಿಧಿಗಳು ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಜಿಲ್ಲಾಡಳಿತ. ಇದಲ್ಲದೆ ಅಂಬೇಡ್ಕರ್ ಭವನ, ವಾಲ್ಮೀಕಿ ಭವನಗಳಿಗೆ ಇಲಾಖೆಗಳಿಂದ ಬೇರೆ ಅನುದಾನ ಇದೆ.

ಈಗ ಕಟ್ಟಡದ ಲೆಕ್ಕ ನೋಡಿ. 40 ಅಡಿ ಅಗಲ, 60 ಅಡಿ ಉದ್ದದ ಹಾಲ್ ಅಂದ್ರೆ 2,400 ಚದರ ಅಡಿ. ಚದರ ಅಡಿಗೆ 2,000 ರೂಪಾಯಿ ಹಿಡಿದರೂ 48 ಲಕ್ಷ ಬೇಕು. ಬಂದ ಅನುದಾನ 10 ಲಕ್ಷ ಅಂತಿಟ್ಟುಕೊಳ್ಳಿ. ಅದರೊಳಗೇ ಶೇ 18ರ ಜಿಎಸ್‌ಟಿ ಸೇರಿದ್ದರೆ ಸುಮಾರು ಒಂದೂವರೆ ಲಕ್ಷ ತೆರಿಗೆಗೇ ಹೋಯ್ತು. ಶೇ 1ರಷ್ಟು ಕಾರ್ಮಿಕ ಸೆಸ್ ಬೇರೆ. ಉಳಿದದ್ದರಲ್ಲಿ ಪಾಯ ಎದ್ದು, ಒಂದಿಷ್ಟು ಗೋಡೆ ಬಂದರೆ ಹೆಚ್ಚು. ಮುಂದಿನ ಕಂತು ಯಾವಾಗ ಅಂತ ಯಾರೂ ಬರೆದುಕೊಟ್ಟಿರಲ್ಲ.

ಹಾಗಾಗಿ ಮೊದಲೇ ಕೇಳಬೇಕಾದ ಪ್ರಶ್ನೆ: ಅಂದಾಜು ಪಟ್ಟಿ ಪೂರ್ತಿ ಕಟ್ಟಡದ್ದೋ, ಬಂದಿರೋ ದುಡ್ಡಿನದ್ದೋ? ದುಡ್ಡು ಕಡಿಮೆ ಇದ್ದರೆ ಚಿಕ್ಕದಾಗಿಯೇ ಕಟ್ಟಿ ಚಾವಣಿ ಮುಗಿಸಿ, ಮುಂದೆ ವಿಸ್ತರಿಸಲು ಜಾಗ ಬಿಡೋದು ವಾಸಿ.

ಜಾಗ ಯಾರ ಹೆಸರಲ್ಲಿದೆ?

'ನಮ್ಮ ತಾತ ಊರಿಗೆ ಬಿಟ್ಟುಕೊಟ್ಟ ಜಾಗ' ಅನ್ನೋ ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಸ್ಥಿರಾಸ್ತಿ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರುವ ದಾನಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗದಿದ್ದರೆ ನಾಳೆ ಮಕ್ಕಳು, ಮೊಮ್ಮಕ್ಕಳು ಭಾಗ ಕೇಳಿಕೊಂಡು ಕೋರ್ಟಿಗೆ ಹೋಗಬಹುದು, ಕೆಲಸಕ್ಕೆ ತಡೆಯಾಜ್ಞೆ ಬರಬಹುದು. ಗೋಮಾಳ ಆದರೆ ಕಂದಾಯ ಇಲಾಖೆಯಿಂದ ಮಂಜೂರಾತಿ ಬೇಕು. ಗ್ರಾಮಠಾಣಾ ಜಾಗವಾದರೂ ಪಂಚಾಯಿತಿ ಹೆಸರಲ್ಲಿ ದಾಖಲೆ ಇದೆಯಾ ಅಂತ ಪಿಡಿಒ ಹತ್ತಿರ ನೋಡಿಕೊಳ್ಳಬೇಕು.

ಬಿಲ್ ಹೇಗೆ ಆಗುತ್ತೆ?

ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ ಅಥವಾ ಜನ ಇನ್ನೂ 'ಲ್ಯಾಂಡ್ ಆರ್ಮಿ' ಅಂತಲೇ ಕರೆಯುವ ಕೆಆರ್‌ಐಡಿಎಲ್ ಕಟ್ಟಡದ ಹೊಣೆ ಹೊರುತ್ತೆ. ಎಂಜಿನಿಯರ್ ಅಳತೆ ಮಾಡಿ ಅಳತೆ ಪುಸ್ತಕದಲ್ಲಿ, ಅಂದ್ರೆ ಎಂಬಿಯಲ್ಲಿ, ಬರೆದ ಮೇಲೇ ಬಿಲ್. ಎಂಬಿಯಲ್ಲಿ ಬರೆದಿದ್ದು, ಜಾಗದಲ್ಲಿ ಕಾಣೋದು ಎರಡೂ ಒಂದೇನಾ ಅಂತ ಊರಿನವರೇ ಟೇಪ್ ಹಿಡಿದು ನೋಡಬಹುದು.

ಬೀಗದ ಕೈ ಯಾರ ಹತ್ತಿರ?

ಕಟ್ಟಿ ಮುಗಿದ ಭವನಗಳ ಕಥೆಯೂ ಕೆಲವು ಕಡೆ ಇದೇ. ನೀರಿಲ್ಲ, ಶೌಚಾಲಯ ಇಲ್ಲ, ಕರೆಂಟ್ ಮೀಟರ್ ಯಾರ ಹೆಸರಿಗೆ ಅಂತ ತೀರ್ಮಾನ ಆಗಿಲ್ಲ, ಬೀಗದ ಕೈ ಯಾರದೋ ಮನೆಯಲ್ಲಿ. ಸಂಸದರ ನಿಧಿಯ ಕಾಮಗಾರಿಗಳಲ್ಲಿ ನಿರ್ವಹಣೆ ಯಾರು ಮಾಡ್ತಾರೆ ಅನ್ನೋ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು ಅಂತ ನಿಯಮ ಇದೆ. ಯಾವ ಅನುದಾನ ಆದರೂ ಇದನ್ನೇ ಪಾಲಿಸೋದು ಒಳ್ಳೇದು. ಬಾಡಿಗೆ ದರವನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಿ ಗೋಡೆ ಮೇಲೆ ಬರೆಸಿ, ಪಂಚಾಯಿತಿ ರಸೀದಿ ಕೊಟ್ಟರೆ ಅರ್ಧ ಜಗಳ ಕಡಿಮೆ.

ಇನ್ನೊಂದು ಮುಖ್ಯ ಮಾತು. ಸರ್ಕಾರಿ ದುಡ್ಡಿನ ಸಾರ್ವಜನಿಕ ಭವನವನ್ನು ಜಾತಿ ನೋಡಿ ಕೊಡಲ್ಲ ಅನ್ನೋ ಹಾಗಿಲ್ಲ. ಸಂವಿಧಾನದ 15ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತೆ.

ಊರಿನವರು ಏನು ಮಾಡಬಹುದು?

ಗ್ರಾಮಸಭೆ ಕನಿಷ್ಠ 6 ತಿಂಗಳಿಗೊಮ್ಮೆ ನಡೆಯಬೇಕು. ಅಲ್ಲಿ ಪ್ರಶ್ನೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕೇಳಬೇಕಾದ ಕಾಗದ ಮೂರು: ಜಾಗದ ದಾಖಲೆ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ. ನಿಮ್ಮೂರಲ್ಲಿ ಇನ್ನೂ ಪೂಜೆ ಆಗಿಲ್ಲ ಅಂದ್ರೆ, ಮೊದಲೆರಡನ್ನು ಪೂಜೆಗೂ ಮುಂಚೆಯೇ ನೋಡಿಬಿಡಿ.