ಕಡತ ಕಚೇರಿಯಲ್ಲೇ ಇರಲಿ, ಪರದೆ ಮನೆಗೆ ಬರಲಿ

ಲೆಕ್ಕಪರಿಶೋಧಕರ ಕಚೇರಿ, ಪತ್ತಿನ ಸಹಕಾರ ಸಂಘ, ಖಾಸಗಿ ಶಾಲೆ, ಔಷಧ ವಿತರಕರ ಗೋದಾಮು. ಇಂಥ ಎಷ್ಟೋ ಕಡೆ ಇಂದಿಗೂ ದಿನದ ವ್ಯವಹಾರ ನಿಂತಿರುವುದು ಯಾರೋ ಎಂದೋ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಕಟ್ಟಿಕೊಟ್ಟ ಡೇಟಾಬೇಸ್ ಮೇಲೆ. ಆ್ಯಕ್ಸೆಸ್ ಬಂದದ್ದು 1992ರಲ್ಲಿ. ಒಂದೇ ಕಟ್ಟಡದೊಳಗೆ ನಾಲ್ಕಾರು ಕಂಪ್ಯೂಟರುಗಳನ್ನು ಕೇಬಲ್ ಎಳೆದು ಜೋಡಿಸಿಕೊಂಡವರಿಗೆ ಹೇಳಿ ಮಾಡಿಸಿದ ತಂತ್ರಾಂಶ ಅದು, ಆ ಕೆಲಸವನ್ನು ಈಗಲೂ ಚೆನ್ನಾಗಿಯೇ ಮಾಡುತ್ತದೆ. ತೊಡಕು ಶುರುವಾಗುವುದು ಅದನ್ನು ಮನೆಯಿಂದ ತೆರೆಯಲು ಹೊರಟಾಗ. ಕೋವಿಡ್ ಕಾಲದ ಆತುರದಲ್ಲಿ ಹಬ್ಬಿದ ಕೆಲವು ನಂಬಿಕೆಗಳು ಇನ್ನೂ ಕಚೇರಿಯಿಂದ ಕಚೇರಿಗೆ ದಾಟುತ್ತಲೇ ಇವೆ. ಅವುಗಳಲ್ಲಿ ಒಂದೆರಡು, ವರ್ಷಗಟ್ಟಲೆ ಕೂಡಿಟ್ಟ ದಾಖಲೆಗಳನ್ನೇ ಕೆಡಿಸಬಲ್ಲವು.

ಮೊದಲನೆಯದು ಎಲ್ಲರ ಬಾಯಲ್ಲೂ ಇರುವುದು: “ವಿಪಿಎನ್ ಹಾಕಿಸಿದರೆ ಆಯ್ತು, ಮನೆ-ಕಚೇರಿ ಎರಡೂ ಒಂದೇ ನೆಟ್‌ವರ್ಕ್.” ನೆಟ್‌ವರ್ಕ್ ಒಂದಾಗುವುದು ನಿಜ. ದೂರ ಮಾತ್ರ ಕಡಿಮೆಯಾಗುವುದಿಲ್ಲ. ಆ್ಯಕ್ಸೆಸ್ ಕಡತ ಕಚೇರಿಯ ಕಂಪ್ಯೂಟರಿನಲ್ಲಿದ್ದರೂ ಅದನ್ನು ಓದಿ, ಹುಡುಕಿ, ಬರೆಯುವ ಕೆಲಸವೆಲ್ಲ ನಡೆಯುವುದು ನಿಮ್ಮ ಮುಂದಿರುವ ಕಂಪ್ಯೂಟರಿನಲ್ಲಿ. ಕಚೇರಿಯ ಯಂತ್ರ ಬರೀ ಕಪಾಟು. ಕೇಳಿದ ಹಾಳೆಯನ್ನು ಕೊಡುತ್ತದೆ, ಅಷ್ಟೆ. ಆ ಹಾಳೆಗಳ ಅಳತೆ 4 ಕಿಲೋಬೈಟ್. “ಆ್ಯಕ್ಸೆಸ್ ಪ್ರತಿಸಲವೂ ಇಡೀ ಟೇಬಲ್ಲನ್ನೇ ಎಳೆದು ತರುತ್ತದೆ” ಎಂಬ ಮಾತೂ ಪೂರ್ತಿ ಸರಿಯಲ್ಲ. ಇಂಡೆಕ್ಸ್ ಇದ್ದರೆ ಮೊದಲು ಇಂಡೆಕ್ಸಿನ ಹಾಳೆಗಳು ಬರುತ್ತವೆ, ಆಮೇಲೆ ಬೇಕಾದ ದಾಖಲೆಯ ಹಾಳೆಗಳು. ಆದರೆ ಹೀಗೆ ಕೇಳುವುದು, ಕೊಡುವುದು ನೂರಾರು ಸಲ ನಡೆಯುತ್ತದೆ.

ಲೆಕ್ಕ ಹಾಕಿ ನೋಡಿ. ಗ್ರಾಹಕರ ವಿವರದ ಒಂದು ಫಾರ್ಮ್ ತೆರೆಯಲು 500 ಸಲ ಹೋಗಿಬರಬೇಕು ಎಂದಿಟ್ಟುಕೊಳ್ಳಿ. ಕಚೇರಿಯೊಳಗಿನ ಕೇಬಲ್ಲಿನಲ್ಲಿ ಒಂದು ಸುತ್ತಿಗೆ 1 ಮಿಲಿಸೆಕೆಂಡ್ ಹಿಡಿದರೂ ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ಮನೆಯಿಂದ ಒಂದು ಸುತ್ತಿಗೆ 40 ಮಿಲಿಸೆಕೆಂಡ್ ಆದರೆ ಅದೇ ಫಾರ್ಮಿಗೆ 20 ಸೆಕೆಂಡ್. “ಹಾಗಾದರೆ 100 ಎಂಬಿಪಿಎಸ್ ಪ್ಲ್ಯಾನ್ ಬಿಟ್ಟು 300 ಹಾಕಿಸೋಣ” ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಪ್ಲ್ಯಾನ್ ಹೆಚ್ಚಿಸಿದರೆ ಒಮ್ಮೆಗೆ ಹೆಚ್ಚು ದತ್ತಾಂಶ ಬರುತ್ತದೆ, ಒಂದೊಂದು ಸುತ್ತಿನ ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದುಡ್ಡು ಮಾತ್ರ ಹೋಗುತ್ತದೆ.

ನಿಧಾನವನ್ನಾದರೂ ಸಹಿಸಿಕೊಳ್ಳಬಹುದು. ನಿಜವಾದ ಅಪಾಯ ಬೇರೆ. ದಾಖಲೆ ಬರೆಯುತ್ತಿರುವಾಗಲೇ ಮನೆಯ ಕರೆಂಟ್ ಹೋಯಿತು, ವೈಫೈ ಕಡಿಯಿತು ಎನ್ನಿ. ಹಾಳೆಗಳಲ್ಲಿ ಕೆಲವು ಬರೆದು, ಕೆಲವು ಉಳಿದುಬಿಡಬಹುದು. ಮರುದಿನ ಕಚೇರಿಯಲ್ಲಿ ಯಾರೇ ತೆರೆದರೂ ಡೇಟಾಬೇಸಿನ ಸ್ವರೂಪವೇ ಗುರುತು ಸಿಗುತ್ತಿಲ್ಲ ಎಂಬ ಸಂದೇಶ. ಒಬ್ಬರ ಮನೆಯ ವೈಫೈ, ಕಚೇರಿಯ ಎಲ್ಲರ ಕಡತವನ್ನು ಕೆಡಿಸಿತು. ರಿಪೇರಿ ಮಾಡುವ ಸೌಲಭ್ಯ ಆ್ಯಕ್ಸೆಸ್‌ನೊಳಗೇ ಇದೆ, ಆದರೆ ಅದು ಎಲ್ಲ ಸಲವೂ ಎಲ್ಲವನ್ನೂ ಮರಳಿಸುವುದಿಲ್ಲ.

ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿದೆ: “ಕಡತವನ್ನು ಒನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿಬಿಡಿ, ಎಲ್ಲರೂ ತೆರೆಯಬಹುದು.” ವರ್ಡ್, ಎಕ್ಸೆಲ್ ಕಡತಗಳನ್ನು ಹಲವರು ಒಟ್ಟಿಗೇ ತಿದ್ದಬಹುದು ಎಂಬ ಅನುಭವದಿಂದ ಈ ನಂಬಿಕೆ ಹುಟ್ಟಿದೆ. ಆ್ಯಕ್ಸೆಸ್‌ಗೆ ಆ ಸೌಲಭ್ಯವಿಲ್ಲ. ಇಬ್ಬರು ಒಂದೇ ದಾಖಲೆಗೆ ಕೈಹಾಕದಂತೆ ಕಾಯುವುದು ಡೇಟಾಬೇಸಿನ ಪಕ್ಕದಲ್ಲೇ ಹುಟ್ಟುವ ಒಂದು ಪುಟ್ಟ ಬೀಗದ ಕಡತ. ಡ್ರೈವ್‌ನಲ್ಲಿ ಸಿಂಕ್ ಆಗುವಾಗ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬೇರೆ ಬೇರೆ ಪ್ರತಿ ಇರುತ್ತದೆ. ಒಬ್ಬರ ಬೀಗ ಇನ್ನೊಬ್ಬರನ್ನು ತಡೆಯುವುದಿಲ್ಲ. ಸಂಜೆಯ ಹೊತ್ತಿಗೆ ಎರಡು ಕಡತ, ಒಂದರ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಅಂಟಿರುತ್ತದೆ. ಒಂದರಲ್ಲಿ ಬೆಳಗಿನ ರಸೀದಿಗಳು, ಇನ್ನೊಂದರಲ್ಲಿ ಮಧ್ಯಾಹ್ನದವು. ಕೂಡಿಸುವವರು ಯಾರು? ಡ್ರೈವ್ ಇರಬೇಕಾದದ್ದು ಬ್ಯಾಕಪ್‌ಗೆ.

“ಆ್ಯಕ್ಸೆಸ್‌ನ ಆನ್‌ಲೈನ್ ಆವೃತ್ತಿ ಬಳಸಬಹುದಲ್ಲ” ಎನ್ನುವವರೂ ಇದ್ದಾರೆ. ಬ್ರೌಸರಿನಲ್ಲಿ ತೆರೆಯುವ ಆ್ಯಕ್ಸೆಸ್ ವೆಬ್ ಆ್ಯಪ್‌ಗಳನ್ನು ಮೈಕ್ರೋಸಾಫ್ಟ್ 2018ರಲ್ಲಿ ತನ್ನ ಆನ್‌ಲೈನ್ ಸೇವೆಯಿಂದ ಕೈಬಿಟ್ಟಿತು. ಈಗಿರುವ ಆ್ಯಕ್ಸೆಸ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ.

ಹಾಗಾದರೆ ದಾರಿ? ರಿಮೋಟ್ ಡೆಸ್ಕ್‌ಟಾಪ್. ಇದರ ಬಗ್ಗೆಯೇ ತಪ್ಪು ತಿಳಿವಳಿಕೆ ಜಾಸ್ತಿ. “ಪರದೆಯೇ ಬರಬೇಕೆಂದರೆ ಇನ್ನೂ ನಿಧಾನವಾಗುತ್ತದೆ” ಎಂದು ಹೆದರುತ್ತಾರೆ. ಇಲ್ಲಿ ಆ್ಯಕ್ಸೆಸ್ ಓಡುವುದು ಕಚೇರಿಯ ಕಂಪ್ಯೂಟರಿನಲ್ಲೇ, ಕಡತದ ಪಕ್ಕದಲ್ಲೇ. ಮನೆಗೆ ಬರುವುದು ಪರದೆಯ ಚಿತ್ರ, ಮನೆಯಿಂದ ಹೋಗುವುದು ಕೀಲಿಮಣೆ ಮತ್ತು ಮೌಸಿನ ಸನ್ನೆ. ಆ 500 ಸುತ್ತುಗಳು ಕಚೇರಿಯೊಳಗೇ ಮುಗಿಯುತ್ತವೆ. ಸಂಪರ್ಕ ಕಡಿದರೂ ಅರ್ಧ ಬರೆದ ಫಾರ್ಮ್ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ. ಮತ್ತೆ ಸೇರಿಕೊಂಡರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಕನ್ನಡದಲ್ಲಿ ದಾಖಲೆ ಇಟ್ಟವರಿಗೆ ಇನ್ನೊಂದು ಅನುಕೂಲವಿದೆ. ಹಳೆಯ ಡೇಟಾಬೇಸುಗಳಲ್ಲಿ ಹೆಸರು, ವಿಳಾಸಗಳು ಯೂನಿಕೋಡ್‌ಗಿಂತ ಹಿಂದಿನ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ. ಆ ಫಾಂಟ್ ಇಲ್ಲದ ಮನೆಯ ಲ್ಯಾಪ್‌ಟಾಪಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅಕ್ಷರ ಮೂಡುವುದು ಕಚೇರಿಯ ಯಂತ್ರದಲ್ಲಿ, ಅಲ್ಲಿ ಫಾಂಟ್ ಇದ್ದೇ ಇರುತ್ತದೆ.

“ಒಂದು ಕಂಪ್ಯೂಟರಿಗೆ ಐದು ಜನ ಒಟ್ಟಿಗೇ ಸೇರಿಕೊಳ್ಳಬಹುದು” ಎಂಬುದು ಮಾತ್ರ ಸಾಮಾನ್ಯ ವಿಂಡೋಸ್‌ಗೆ ಹೊಂದುವ ಮಾತಲ್ಲ. ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಸೇರಲು ಆಗುವುದೇ ಇಲ್ಲ, ಪ್ರೊ ಬೇಕು. ಪ್ರೊದಲ್ಲೂ ಒಮ್ಮೆಗೆ ಒಬ್ಬರೇ. ಪ್ರತಿಯೊಬ್ಬರಿಗೂ ಕಚೇರಿಯಲ್ಲಿ ಒಂದೊಂದು ಕಂಪ್ಯೂಟರ್ ಇದ್ದರೆ ಅವರವರ ಯಂತ್ರಕ್ಕೆ ಸೇರುವುದೇ ಅಗ್ಗದ ದಾರಿ. ಇಲ್ಲವಾದರೆ ವಿಂಡೋಸ್ ಸರ್ವರ್ ತರಿಸಿ, ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ ತಲೆಗೊಂದು ಪರವಾನಗಿ ಕೊಳ್ಳಬೇಕು. ಆಗಲೂ ಡೇಟಾಬೇಸನ್ನು ಎರಡು ಕಡತವಾಗಿ ಒಡೆದು, ಫಾರ್ಮುಗಳಿರುವ ಕಡತದ ಪ್ರತಿ ಒಬ್ಬೊಬ್ಬರಿಗೂ ಬೇರೆ ಇರಲಿ, ಟೇಬಲ್ಲುಗಳಿರುವ ಕಡತ ಮಾತ್ರ ಹಂಚಿಕೆಯಾಗಲಿ.

ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ (ಮೂಲತಃ 3389) ತೆರೆದು, “ನಂಬರ್ ಬದಲಾಯಿಸಿದ್ದೇವೆ, ಕಳ್ಳರಿಗೆ ಗೊತ್ತಾಗಲ್ಲ” ಎನ್ನುವವರಿಗೆ ಕಳಕಳಿಯಿಂದ ಹೇಳಬೇಕು: ಗೊತ್ತಾಗುತ್ತದೆ. ಇಂಟರ್ನೆಟ್ಟಿನಲ್ಲಿ ತೆರೆದ ಪೋರ್ಟುಗಳನ್ನು ಹಗಲಿರುಳು ತಡಕುವ ತಂತ್ರಾಂಶಗಳಿಗೆ ನಂಬರ್ ಯಾವುದಾದರೇನು? 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಬ್ಲೂಕೀಪ್ ಎಂಬ ಲೋಪ ಬಯಲಾದಾಗ, ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಬೇಕಾಯಿತು. ವಿಪಿಎನ್‌ನ ಸರಿಯಾದ ಜಾಗ ಇದೇ. ಮೊದಲು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್, ಎರಡು ಹಂತದ ದೃಢೀಕರಣ. ಆಗ ವಿಪಿಎನ್ ಹೊರುವುದು ಪರದೆಯನ್ನು, ಕಡತವನ್ನಲ್ಲ.

ಎನಿಡೆಸ್ಕ್ ಎಂಬ ರಿಮೋಟ್ ಸಂಪರ್ಕದ ಆ್ಯಪ್ ಬಗ್ಗೆ ಎರಡು ವಿರುದ್ಧ ನಂಬಿಕೆಗಳಿವೆ. “ಅದು ಮೋಸದ ಆ್ಯಪ್” ಎಂಬುದಕ್ಕೆ ಕಾರಣ, 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಕೊಟ್ಟ ಎಚ್ಚರಿಕೆ. ಆದರೆ ಆಗ ಮೋಸ ನಡೆದದ್ದು ಆ್ಯಪ್ ತೋರಿಸುವ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಿದ್ದರಿಂದ. “ಅದು ಪೂರ್ತಿ ಉಚಿತ” ಎಂಬುದೂ ತಪ್ಪು. ಉಚಿತವಿರುವುದು ವೈಯಕ್ತಿಕ ಬಳಕೆಗೆ, ಕಚೇರಿಗೆ ಪರವಾನಗಿ ಬೇಕು.

ಊರೂರಿಗೆ ಶಾಖೆಗಳಿರುವವರು ಟೇಬಲ್ಲುಗಳನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸುವುದು ಒಳ್ಳೆಯದು. ಹುಡುಕುವ ಕೆಲಸ ಆಗ ಸರ್ವರಿನಲ್ಲೇ ನಡೆಯುತ್ತದೆ. ಆದರೆ ಸಾಗಿಸಿದ ಮಾತ್ರಕ್ಕೆ ವೇಗ ಬರುವುದಿಲ್ಲ. ಫಾರ್ಮ್, ಕ್ವೆರಿಗಳನ್ನೂ ಕುಳಿತು ತಿದ್ದಬೇಕು.

ಮನೆಯಿಂದ ಕೆಲಸ ಮಾಡುವ ವ್ಯವಸ್ಥೆ ಮಾಡಿಕೊಡುತ್ತೇನೆಂದು ಯಾರಾದರೂ ಬಂದರೆ ದರಪಟ್ಟಿ ನೋಡುವ ಮುನ್ನ ಒಂದು ಪ್ರಶ್ನೆ ಕೇಳಿ: ಆ್ಯಕ್ಸೆಸ್ ಓಡುವುದು ನನ್ನ ಮನೆಯ ಕಂಪ್ಯೂಟರಿನಲ್ಲೋ, ಕಚೇರಿಯದರಲ್ಲೋ? ಕಡತ ಕಚೇರಿಯಲ್ಲಿದ್ದು ಆ್ಯಕ್ಸೆಸ್ ಓಡುವುದು ಮನೆಯಲ್ಲಿ ಎಂಬ ಉತ್ತರ ಬಂದರೆ ಒಪ್ಪಬೇಡಿ.