ಐರಿಷ್ ಮುತ್ತಜ್ಜನ ಊರು ಹುಡುಕುವುದು ಹೇಗೆ?

1845ರಿಂದ 1852ರವರೆಗೆ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅವರಲ್ಲಿ ಬಹಳಷ್ಟು ಮಂದಿ ಅಮೆರಿಕ ಸೇರಿದರು. ಅವರ ವಂಶದವರು ಇಂದು ಕೇಳುವ ಪ್ರಶ್ನೆ ಒಂದೇ: ನಮ್ಮ ಹಿರಿಯರು ಐರ್ಲೆಂಡ್‌ನ ಯಾವ ಊರಿನವರು? ನಿಮ್ಮ ಅಳಿಯನೋ ಸೊಸೆಯೋ ಐರಿಷ್ ಮೂಲದವರಾಗಿದ್ದರೆ, ಮೊಮ್ಮಕ್ಕಳಿಗಾಗಿ ನೀವೂ ಈ ಹುಡುಕಾಟಕ್ಕೆ ಕೈಜೋಡಿಸಬಹುದು.

ಹುಡುಕಬೇಕಾದದ್ದು ಟೌನ್‌ಲ್ಯಾಂಡ್‌ನ ಹೆಸರು. ಟೌನ್‌ಲ್ಯಾಂಡ್ ಎಂದರೆ ಐರ್ಲೆಂಡ್‌ನ ಅತಿ ಚಿಕ್ಕ ಭೂವಿಭಾಗ. ಇಂಥವು ಅಲ್ಲಿ 60,000ಕ್ಕೂ ಹೆಚ್ಚಿವೆ. ಹಿರಿಯರ ಹೆಸರೊಂದೇ ಇದ್ದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಒಂದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಪ್ಯಾಟ್ರಿಕ್ ಮರ್ಫಿ ಎಂಬ ಹೆಸರಿನವರು ಹತ್ತಾರು ಮಂದಿ ಸಿಗುತ್ತಾರೆ. ಊರು ತಿಳಿದರೆ ಮಾತ್ರ ನಿಮ್ಮವರು ಯಾರೆಂದು ಗೊತ್ತಾಗುತ್ತದೆ.

ಕೆಲಸವನ್ನು ಅಮೆರಿಕದಿಂದಲೇ ಶುರು ಮಾಡಿ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿದೆ. ಮನೆಯವರ ವಿವರಗಳನ್ನು 72 ವರ್ಷ ಗುಟ್ಟಾಗಿಟ್ಟು, ಆಮೇಲೆ ಬಿಡುಗಡೆ ಮಾಡುತ್ತಾರೆ. 1950ರ ಗಣತಿ 2022ರಲ್ಲಿ ಹೊರಬಂತು. ಅದರಲ್ಲಿ ಅಜ್ಜನನ್ನು ಹುಡುಕಿ. ಅಲ್ಲಿಂದ ಒಂದೊಂದೇ ದಶಕ ಹಿಂದಕ್ಕೆ ಹೋಗಿ. 1900, 1910 ಮತ್ತು 1920ರ ಗಣತಿಗಳಲ್ಲಿ ವಲಸೆ ಬಂದ ವರ್ಷ ಬರೆದಿರುತ್ತದೆ. 1880ರದ್ದರಲ್ಲಿ ತಂದೆತಾಯಿ ಹುಟ್ಟಿದ ದೇಶವೂ ಇದೆ. 1890ರ ಗಣತಿ ಸಿಗದಿದ್ದರೆ ಗಾಬರಿ ಬೇಡ. ಅದರ ಬಹುಭಾಗ 1921ರ ಬೆಂಕಿ ಅನಾಹುತದಲ್ಲಿ ಹಾಳಾಯಿತು. ದಾಸ್ಯದಲ್ಲಿಲ್ಲದ ಪ್ರತಿಯೊಬ್ಬರ ಹೆಸರೂ ದಾಖಲಾದ ಮೊದಲ ಗಣತಿ 1850ರದ್ದು.

ವಯಸ್ಸು ಒಂದು ಗಣತಿಯಿಂದ ಇನ್ನೊಂದಕ್ಕೆ ಹೊಂದದಿರಬಹುದು. ಓ'ಸಲಿವನ್ ಎಂಬುದು ಬರೀ ಸಲಿವನ್ ಆಗಿರಬಹುದು. ಗಣತಿದಾರ ಕಿವಿಗೆ ಬಿದ್ದಂತೆ ಬರೆದುಕೊಂಡ. ಹಾಗಾಗಿ ಹೆಸರಿನ ಅಕ್ಷರಗಳಿಗೇ ಜೋತುಬೀಳಬೇಡಿ. ಹೆಂಡತಿ, ಮಕ್ಕಳು, ಬೀದಿ, ಕಸುಬು ಎಲ್ಲವನ್ನೂ ತಾಳೆ ನೋಡಿ.

ಇಷ್ಟಾದರೂ ಹುಟ್ಟಿದ ಸ್ಥಳದ ಅಂಕಣದಲ್ಲಿ ಸಾಮಾನ್ಯವಾಗಿ ಐರ್ಲೆಂಡ್ ಎಂದಷ್ಟೇ ಇರುತ್ತದೆ. ಊರಿನ ಹೆಸರಿಗಾಗಿ ಚರ್ಚಿನ ಮದುವೆ ದಾಖಲೆ, ಸಮಾಧಿಯ ಕಲ್ಲು, ಪತ್ರಿಕೆಯ ನಿಧನ ವಾರ್ತೆ, ಪೌರತ್ವದ ಅರ್ಜಿ ನೋಡಬೇಕು. ಬಾಸ್ಟನ್ ಪೈಲಟ್ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಪ್ರಕಟಿಸುತ್ತಿತ್ತು. ಅದರಲ್ಲಿ ಹುಟ್ಟೂರಿನ ಹೆಸರು ಸಿಗುವುದುಂಟು.

ಈಗ ಐರ್ಲೆಂಡ್‌ನ ಕಡತಗಳು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟಿತು. 1821ರಿಂದ 1851ರವರೆಗಿನ ಗಣತಿಗಳು ಬಹುತೇಕ ಬೂದಿಯಾದವು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಮೊದಲು ನಾಶಮಾಡಿತ್ತು. 1901 ಮತ್ತು 1911ರವು ಪೂರ್ತಿ ಉಳಿದಿವೆ. ನಮ್ಮವರು ಅಷ್ಟರಲ್ಲಿ ದೇಶ ಬಿಟ್ಟಿದ್ದರಲ್ಲ ಎನ್ನುತ್ತೀರಾ? ಊರಲ್ಲೇ ಉಳಿದ ಅಣ್ಣತಮ್ಮಂದಿರ ಮನೆ ಅದರಲ್ಲಿ ಸಿಗಬಹುದು. ಅದಕ್ಕೂ ಹಿಂದಿನ ಕಾಲಕ್ಕೆ ಗ್ರಿಫಿತ್ಸ್ ವ್ಯಾಲ್ಯುಯೇಷನ್ ಇದೆ. ಇದು 1847ರಿಂದ 1864ರವರೆಗೆ ತೆರಿಗೆಗಾಗಿ ಮಾಡಿದ ಆಸ್ತಿ ಮೌಲ್ಯದ ಪಟ್ಟಿ. ಯಾವ ಟೌನ್‌ಲ್ಯಾಂಡ್‌ನಲ್ಲಿ ಯಾರು ಭೂಮಿ ಹಿಡಿದಿದ್ದರು ಎಂಬುದು ಇದರಲ್ಲಿದೆ. 1864ರಿಂದ ಎಲ್ಲರ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾಯಿತು.

ಕಾಗದ ಕೈಕೊಟ್ಟಲ್ಲಿ ಡಿಎನ್‌ಎ ನೆರವಾಗುತ್ತದೆ. ನಿಮಗೆ ಬೇಕಾದ್ದು ಆಟೊಸೋಮಲ್ ಪರೀಕ್ಷೆ. ತಂದೆ ಮತ್ತು ತಾಯಿ ಎರಡೂ ಕಡೆಯಿಂದ ಬಂದ ಡಿಎನ್‌ಎಯನ್ನು ನೋಡುವ ಪರೀಕ್ಷೆ ಇದು. ಎಂಜಲಿನ ಮಾದರಿ ಅಂಚೆಯಲ್ಲಿ ಕಳಿಸಿದರೆ ಕೆಲವು ವಾರಗಳಲ್ಲಿ ಫಲಿತಾಂಶ ಬರುತ್ತದೆ. ಶೇಕಡಾ ಇಷ್ಟು ಐರಿಷ್ ಎಂಬ ಅಂಕಿ ಬರೀ ಅಂದಾಜು. ಅದರಿಂದ ಊರು ಸಿಗದು. ಬೆಲೆಯಿರುವುದು ಮ್ಯಾಚ್ ಪಟ್ಟಿಗೆ, ಅಂದರೆ ನಿಮ್ಮೊಡನೆ ಡಿಎನ್‌ಎ ಹಂಚಿಕೊಂಡ ಬಂಧುಗಳ ಪಟ್ಟಿಗೆ. ಅಜ್ಜ ಅಜ್ಜಿ ಒಬ್ಬರೇ ಆದವರ ನಡುವೆ ಸರಾಸರಿ ಶೇ. 12.5 ಡಿಎನ್‌ಎ ಒಂದೇ ಇರುತ್ತದೆ. ಮುತ್ತಜ್ಜ ಮುತ್ತಜ್ಜಿ ಒಬ್ಬರೇ ಆದರೆ ಸುಮಾರು ಶೇ. 3. ತಲೆಮಾರು ಇಳಿದಂತೆ ಇದು ಕರಗುತ್ತದೆ. ಆದ್ದರಿಂದ ಐರಿಷ್ ಕಡೆಯ ಅತಿ ಹಿರಿಯರನ್ನೇ ಮೊದಲು ಪರೀಕ್ಷೆಗೆ ಒಪ್ಪಿಸಿ. ಮ್ಯಾಚ್ ಆದವರಿಗೆ ನಮ್ರವಾಗಿ ಬರೆದು, ಅವರ ಹಿರಿಯರ ಟೌನ್‌ಲ್ಯಾಂಡ್ ಯಾವುದೆಂದು ಕೇಳಿ. ನಿಮಗೆ ತಿಳಿಯದ ಊರು ಅವರ ಮನೆಮಾತಾಗಿರಬಹುದು. ಆ ಹೆಸರನ್ನು ಮತ್ತೆ ಕಡತದಲ್ಲಿ ಪರೀಕ್ಷಿಸಿ.

ಖರ್ಚಿನ ಮಾತು. ಫ್ಯಾಮಿಲಿಸರ್ಚ್ ಜಾಲತಾಣ ಉಚಿತ; ಅಮೆರಿಕದ ಗಣತಿಗಳು ಅಲ್ಲಿವೆ. ಐರ್ಲೆಂಡ್‌ನ 1901, 1911ರ ಗಣತಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ, ಕ್ಯಾಥೊಲಿಕ್ ಚರ್ಚುಗಳ ಹಳೆಯ ದೀಕ್ಷಾಸ್ನಾನ ಮತ್ತು ಮದುವೆ ಪುಸ್ತಕಗಳು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಉಚಿತ. ಹಣ ಬೇಕಾಗುವುದು ಡಿಎನ್‌ಎ ಕಿಟ್‌ಗೆ. ಆನ್ಸೆಸ್ಟ್ರಿ ಡಿಎನ್‌ಎ ಕಿಟ್ ಅಮೆರಿಕದಲ್ಲಿ ಸುಮಾರು 99 ಡಾಲರ್. ಹಬ್ಬದ ದಿನಗಳಲ್ಲಿ ರಿಯಾಯಿತಿ ಇರುತ್ತದೆ.

ಕಿಟ್ ಕೊಳ್ಳುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ. ದತ್ತು ಅಥವಾ ಯಾರೂ ಹೇಳದ ಸಂಬಂಧಗಳು ಬೆಳಕಿಗೆ ಬರಬಹುದು. ದತ್ತಾಂಶ ಸೋರುವ ಅಪಾಯವೂ ಇದೆ. ಮ್ಯಾಚ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕೇ ಬೇಡವೇ ಎಂಬ ಆಯ್ಕೆಯನ್ನು ಓದಿಯೇ ಒತ್ತಿ.

ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಕುಟುಂಬಗಳಿಗೂ ಈ ದಾರಿ ಉಪಯುಕ್ತ. ಬ್ರಿಟಿಷ್ ಸೇನೆಯಲ್ಲಿ ಐರಿಷ್ ಸೈನಿಕರು ಬಹಳ ಮಂದಿ ಇದ್ದರು. ಅಂಥ ಕುಟುಂಬದವರು ಗಣತಿಯ ಬದಲು ಚರ್ಚಿನ ದಾಖಲೆಯಿಂದ ಆರಂಭಿಸಬೇಕು. ಮದ್ರಾಸ್ ಪ್ರಾಂತ್ಯದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕಡತಗಳು ನಾಳೆಯೂ ಸಿಗುತ್ತವೆ. ಹಿರಿಯರನ್ನು ಮಾತ್ರ ಈ ವಾರವೇ ಕೇಳಿ; ಅವರು ಹೇಳಿದ ಹೆಸರು, ವರ್ಷ, ಊರುಗಳನ್ನು ಬರೆದಿಡಿ.